ಅಂಗಡಿ ಮಾಲು ಗಡಿಗೆ ಹೋಗುವ ಮುಂಚೆ

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ 31 ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ ಒಳಗೆ ಬಿಡುವುದು, ಇಲ್ಲವೇ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು. ನಾವು ಮಾಡುತ್ತಿದ್ದ ರೇಡಿಯೋ ಸೆಟ್‌ಗಳು ಸೇನೆಗೆ ಹೋಗುತ್ತಿದ್ದವು. ದಿನಾ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಹೋಗಿ, ಕತ್ತಲಾದ ಮೇಲೆ ಕ್ಯಾತ್ಸಂದ್ರ ದಾಟಿ ಮನೆಗೆ ಬರುತ್ತಿದ್ದೆ. ಹೋದ ಸಂಚಿಕೆಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಬಗ್ಗೆ ಬರೆಯುವಾಗ, ಸೇನೆ ಈಗ ಅಂಗಡಿಯಲ್ಲಿ ಸಿಗುವ ಸಾಮಾನನ್ನೂ ಕೊಳ್ಳುತ್ತಿದೆ ಅಂತ ಒಂದು ಸಾಲು ಸೇರಿಸಿದ್ದೆ. ಈ ಸಲದ ಪತ್ರಗಳೆಲ್ಲ ಆ ಒಂದು ಸಾಲಿಗೇ ಬಂದವು.

ಪ್ರಶ್ನೆ: ನನ್ನ ಮಗ ಲೇಹ್ ಕಡೆ ಸಿಗ್ನಲ್ಸ್‌ನಲ್ಲಿದ್ದಾನೆ. ರಜೆಗೆ ಬಂದಾಗ ಹೇಳಿದ, ಹತ್ತು ಸಾವಿರದ ಮೊಬೈಲು ತನ್ನ ಕೈಗೆ ಕೊಟ್ಟಿರುವ ಸೆಟ್‌ಗಿಂತ ಚುರುಕು ಅಂತ. ಹಾಗಿದ್ದ ಮೇಲೆ ಮಿಲಿಟರಿಯವರು ಅಂಗಡಿ ಮಾಲನ್ನೇ ಕೊಂಡರೆ ಆಗಲ್ವಾ ಅಮ್ಮಾ? ದುಡ್ಡೂ ಉಳಿಯುತ್ತೆ.
— ಒಬ್ಬ ತಾಯಿ, ನಿಟ್ಟೂರು, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ ತಾಯಿ. ಅದರಲ್ಲಿ ಅವನ ತಪ್ಪೂ ಇಲ್ಲ, ಸೆಟ್ ಮಾಡಿದವರ ತಪ್ಪೂ ಇಲ್ಲ. ಕಾಲ ತಿರುಗಿದೆ, ಅಷ್ಟೇ.

1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ತಯಾರಾದ ಐ.ಸಿ.ಗಳನ್ನು, ಅಂದರೆ ಚಿಪ್‌ಗಳನ್ನು, ಹೆಚ್ಚುಕಡಿಮೆ ಪೂರ್ತಿ ಅಲ್ಲಿನ ಸೇನೆ ಮತ್ತು ನಾಸಾ ಕೊಳ್ಳುತ್ತಿದ್ದವು. ಹೊಸದು ಏನೇ ಬಂದರೂ ಮೊದಲು ಮಿಲಿಟರಿಗೆ, ಆಮೇಲೆ ಮನೆಗೆ. ಈಗ ಉಲ್ಟಾ ಆಗಿದೆ. ಮೊಬೈಲ್ ಕಂಪನಿಗಳು ಕೋಟಿಗಟ್ಟಲೆ ಚಿಪ್ ಕೊಳ್ಳುತ್ತವೆ. ಸೇನೆ ಕೊಳ್ಳುವುದು ಕೆಲವು ಸಾವಿರ. ಚಿಪ್ ಮಾಡುವವರು ಯಾರ ಮಾತು ಕೇಳುತ್ತಾರೆ ಹೇಳಿ? ಅದಕ್ಕೇ 1994ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ವಿಲಿಯಂ ಪೆರ್ರಿ ತಮ್ಮ ಇಲಾಖೆಗೆ ಒಂದು ಆದೇಶ ಕೊಟ್ಟರು. ಪ್ರತಿ ತಿರುಪಿಗೂ ಮಿಲಿಟರಿ ನಿಯಮ ಬರೆಯುತ್ತಾ ಕೂರಬೇಡಿ, ವಸ್ತು ಏನು ಕೆಲಸ ಮಾಡಬೇಕು ಅಂತ ಹೇಳಿ, ಪೇಟೆಯಲ್ಲಿ ಸಿಗುವಂಥದ್ದಿದ್ದರೆ ಅದನ್ನೇ ಕೊಳ್ಳಿ ಎಂಬುದು ಅದರ ತಿರುಳು.

ಅದಕ್ಕೂ ಮುಂಚೆಯೇ ಒಂದು ಪಾಠ ಆಗಿತ್ತು. 1990-91ರ ಕೊಲ್ಲಿ ಯುದ್ಧದಲ್ಲಿ ಮರಳುಗಾಡಿನಲ್ಲಿ ದಾರಿ ಹುಡುಕಲು ಅಮೆರಿಕದ ಸೇನೆಗೆ ಮಿಲಿಟರಿ ಜಿಪಿಎಸ್ ಸೆಟ್‌ಗಳು ಸಾಲಲಿಲ್ಲ. ದೋಣಿಯವರು, ಸರ್ವೆ ಮಾಡುವವರು ಬಳಸುತ್ತಿದ್ದಂಥ ಸೆಟ್‌ಗಳನ್ನು ಸಾವಿರಗಟ್ಟಲೆ ಕೊಂಡರು. ಜನಸಾಮಾನ್ಯರ ಸೆಟ್‌ಗೆ ಜಾಗ ಸರಿಯಾಗಿ ಗೊತ್ತಾಗದಂತೆ ಸಿಗ್ನಲ್ಲಿನಲ್ಲೇ ಬೇಕಂತ ತಪ್ಪು ಬೆರೆಸುತ್ತಿದ್ದರಲ್ಲ, ಯುದ್ಧದ ಹೊತ್ತಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ತಮ್ಮ ಸಿಪಾಯಿಗಳ ಕೈಯಲ್ಲೇ ಅಂಗಡಿ ಮಾಲು ಇತ್ತಲ್ಲ! ತೀರಾ ಈಚಿನದು ಬೇಕಾದರೆ, 2018ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದ ಕೊಲರಾಡೊ ಜಲಾಂತರ್ಗಾಮಿ. ಅದರಲ್ಲಿ ಹೊರಗಿನ ನೋಟ ತೋರಿಸುವ ಕ್ಯಾಮೆರಾ ಕಂಬವನ್ನು ತಿರುಗಿಸುವುದು ಮಕ್ಕಳು ಆಡುವ ಎಕ್ಸ್‌ಬಾಕ್ಸ್ ಆಟದ ಕಂಟ್ರೋಲರ್‌ನಿಂದ. ಮೊದಲಿದ್ದ ಹಿಡಿಗೆ 38,000 ಡಾಲರ್, ಇದಕ್ಕೆ ಸುಮಾರು 30 ಡಾಲರ್. ಹೊಸ ಹುಡುಗರಿಗೆ ಕಲಿಸುವ ಕಷ್ಟವೂ ಇಲ್ಲ. ನಮ್ಮಲ್ಲೂ ಹಾಗೇ. ಜಿಪ್ಸಿ ಜೀಪು ಷೋರೂಮಿನಲ್ಲಿ ಸಿಗುತ್ತಿದ್ದ ಗಾಡಿ, ಎಷ್ಟೋ ವರ್ಷ ಸೇನೆಯನ್ನು ಹೊತ್ತು ತಿರುಗಿತು. 2017ರಲ್ಲಿ 3,192 ಸಫಾರಿ ಸ್ಟಾರ್ಮ್ ಗಾಡಿಗೆ ಆರ್ಡರ್ ಹೋಯಿತು.

ಹಾಗಾದರೆ ಎಲ್ಲವನ್ನೂ ಯಾಕೆ ಹೀಗೇ ಕೊಳ್ಳಬಾರದು? ಇದಕ್ಕೆ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಚಳಿ ಚೇಂಬರ್ ಅಂತ ಇತ್ತು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಬಾಗಿಲಿಗೆ ದಪ್ಪ ಗಾಜಿನ ಕಿಟಕಿ. ಒಂದು ಸಲ ಪೇಟೆಯಿಂದ ತಂದ ಒಂದು ಪುಟ್ಟ ಡಿಸ್‌ಪ್ಲೇಯನ್ನು ಸೆಟ್‌ಗೆ ಹಾಕಿ ಒಳಗಿಟ್ಟೆವು. ಸೊನ್ನೆ ಡಿಗ್ರಿವರೆಗೂ ಅಂಕಿಗಳು ಚೆನ್ನಾಗಿಯೇ ಬದಲಾಗುತ್ತಿದ್ದವು. ಮೈನಸ್ 10ಕ್ಕೆ ಹೋದಾಗ 7 ಅಂಕಿ ಅಳಿಸುವ ಮೊದಲೇ 8 ಬಂದು ಅದರ ಮೇಲೆ ಕೂತಿತು. ಮೈನಸ್ 20ರಲ್ಲಿ ಎಲ್ಲ ಸೇರಿ ಬೂದು ಮಸಿ ಒರೆಸಿದ ಹಾಗೆ ಆಯಿತು. ಸೆಟ್ ಕೆಟ್ಟಿರಲಿಲ್ಲ. ಒಳಗೆ ಎಲ್ಲ ನಡೆಯುತ್ತಿತ್ತು. ಆದರೆ ಯಾವ ಚಾನೆಲ್‌ನಲ್ಲಿ ಮಾತಾಡುತ್ತಿದ್ದೇನೆ ಅಂತ ಓದಲು ಆಗುತ್ತಿರಲಿಲ್ಲ. ಹೊರಗೆ ತೆಗೆದು ಮೇಜಿನ ಮೇಲಿಟ್ಟ ಸ್ವಲ್ಪ ಹೊತ್ತಿಗೆ, ಏನೂ ಆಗಿಲ್ಲವೆಂಬಂತೆ ಸರಿಯಾಯಿತು. ತುಮಕೂರಿನಲ್ಲಿ ಕೂತು ನೋಡಿದವರಿಗೆ ಅದು ಒಳ್ಳೇ ಮಾಲು. ನಿಮ್ಮ ಮಗ ಇರುವ ಕಡೆ ಚಳಿಗಾಲದ ರಾತ್ರಿ ಮೈನಸ್ 20 ಅನ್ನುವುದು ದೊಡ್ಡ ವಿಷಯವೇ ಅಲ್ಲ.

ಚಿಪ್‌ಗಳಲ್ಲೂ ಮೂರು ದರ್ಜೆ ಇದೆ. ಸಾಮಾನ್ಯ ಮಾಲು 0ಯಿಂದ 70 ಡಿಗ್ರಿಗೆ. ಕಾರ್ಖಾನೆ ದರ್ಜೆಯದು ಮೈನಸ್ 40ರಿಂದ 85ಕ್ಕೆ. ಮಿಲಿಟರಿಯದು ಮೈನಸ್ 55ರಿಂದ 125ಕ್ಕೆ. ಎಷ್ಟೋ ಸಲ ಒಳಗಿನ ಸಿಲಿಕಾನ್ ಒಂದೇ ಆಗಿರುತ್ತದೆ. ಆ ಚಳಿಯಲ್ಲಿ, ಆ ಬಿಸಿಯಲ್ಲಿ ಇದನ್ನು ನಿಜವಾಗಿ ಓಡಿಸಿ ನೋಡಿದ್ದೇವೆ ಅಂತ ಒಬ್ಬರು ಸಹಿ ಹಾಕಿರುತ್ತಾರೆ. ಜಾಸ್ತಿ ದುಡ್ಡಿನಲ್ಲಿ ದೊಡ್ಡ ಪಾಲು ಆ ಸಹಿಗೆ. ಮೊಬೈಲ್‌ನಲ್ಲಿರುವ ಲಿಥಿಯಂ ಬ್ಯಾಟರಿಯನ್ನೂ ಅಷ್ಟೇ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹ ಪದರವಾಗಿ ಕೂತು ಬ್ಯಾಟರಿ ಹಾಳಾಗುತ್ತದೆ. ಇದನ್ನು ನಿಮ್ಮ ಮಗನಿಗೂ ಹೇಳಿ. ಫೋನನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಆಮೇಲೆ ಚಾರ್ಜಿಗೆ ಹಾಕಲಿ.

ಪ್ರಶ್ನೆ: ಮೇಡಂ, ನನ್ನದು ಹದಿನಾಲ್ಕು ಜನ ಕೆಲಸಗಾರರ ಸಣ್ಣ ಘಟಕ. ಬ್ಯಾಟರಿ ಚಾರ್ಜರ್, ಪವರ್ ಸಪ್ಲೈ ಮಾಡುತ್ತೇವೆ. ನಮ್ಮ ಮಾಲಿಗೆ ಪೇಟೆಯಲ್ಲಿ ಒಳ್ಳೇ ಹೆಸರಿದೆ. ಸೇನೆಗೆ ಮಾರಬೇಕೆಂದರೆ ಏನು ಮಾಡಬೇಕು? ವಿಚಾರಿಸಿದರೆ ಬರೀ ಕಾಗದ ಕೇಳುತ್ತಾರೆ. ಮಾಲು ನೋಡುವವರೇ ಇಲ್ಲ.
— ಮಾಲೂರು ಕೈಗಾರಿಕಾ ಪ್ರದೇಶ, ಕೋಲಾರ ಜಿಲ್ಲೆ

ಉತ್ತರ: ಮೊದಲು ದಾರಿ ಹೇಳುತ್ತೇನೆ. ಸರ್ಕಾರದ ಜೆಮ್ ಪೋರ್ಟಲ್ 2016ರಿಂದ ಇದೆ. ಸೇನೆಯ ಘಟಕಗಳು ಸಾಮಾನ್ಯ ಸಾಮಾನನ್ನು ಅಲ್ಲಿಂದ ಕೊಳ್ಳುತ್ತವೆ. ಅಲ್ಲಿ ನೋಂದಣಿ ಮಾಡಿಸಿ. ಎರಡನೆಯದು ಸೃಜನ್ ಪೋರ್ಟಲ್, 2020ರಲ್ಲಿ ಶುರುವಾಯಿತು. ರಕ್ಷಣಾ ಕಾರ್ಖಾನೆಗಳು ಹೊರದೇಶದಿಂದ ತರಿಸುತ್ತಿರುವ ಬಿಡಿಭಾಗಗಳ ಪಟ್ಟಿ ಅಲ್ಲಿದೆ, ಇದನ್ನು ಇಲ್ಲೇ ಮಾಡುವವರು ಇದ್ದೀರಾ ಅಂತ ಕೇಳುತ್ತಾರೆ. ನಿಮ್ಮಂಥವರು ಕೂತು ಓದಬೇಕಾದ ಪಟ್ಟಿ ಅದು. ಹೊಸ ವಸ್ತು ಕಂಡುಹಿಡಿದಿದ್ದರೆ 2018ರಲ್ಲಿ ಬಂದ ಐಡೆಕ್ಸ್ ಯೋಜನೆ ಇದೆ, ಆಯ್ಕೆಯಾದರೆ ಹಣದ ನೆರವೂ ಸಿಗುತ್ತದೆ.

ಇನ್ನು ಪರೀಕ್ಷೆ. ನಮ್ಮ ಮೂರೂ ಪಡೆಗಳಿಗೆ ಸೇರಿದ ಜೆಎಸ್ಎಸ್ 55555 ಅಂತ ಒಂದು ನಿಯಮಾವಳಿ ಇದೆ. ಚಳಿ, ಬಿಸಿ, ತೇವ, ಧೂಳು, ಜೋರು ಮಳೆ, ಉಪ್ಪುಗಾಳಿ, ಅಲುಗಾಟ, ಬೀಳುವುದು, ಎಲ್ಲಕ್ಕೂ ಅದರಲ್ಲಿ ಲೆಕ್ಕ ಇದೆ. ಬೂಷ್ಟು ಬೆಳೆಸಿ ನೋಡುವ ಪರೀಕ್ಷೆಯೂ ಇದೆ. ಈಶಾನ್ಯದ ಕಾಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆ ಬೂಷ್ಟು ಹಿಡಿಯುತ್ತದೆ, ಸುಮ್ನೆ ಬರೆದಿದ್ದಲ್ಲ. ನಿಮ್ಮ ವಸ್ತುವಿಗೆ ಅಷ್ಟೂ ಪರೀಕ್ಷೆ ಬೇಕಿಲ್ಲ. ಟೆಂಡರ್‌ನಲ್ಲಿ ಯಾವುದು ಕೇಳಿದ್ದಾರೆ ನೋಡಿ, ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಅಷ್ಟನ್ನು ಮಾಡಿಸಿ. ಬೆಂಗಳೂರಿನಲ್ಲಿ ಅಂಥ ಲ್ಯಾಬ್‌ಗಳಿವೆ. ಟೆಂಡರ್ ಹಾಕುವ ಮುಂಚೆಯೇ ಅಲುಗಾಟದ ಟೇಬಲ್ ಮೇಲೆ ಒಂದು ಚಾರ್ಜರ್ ಇಟ್ಟು ನೋಡಿ. ಪೇಟೆಯ ಮಾಲು ಸಾಮಾನ್ಯವಾಗಿ ಸೋಲುವುದು ಅಲ್ಲೇ. ದೊಡ್ಡ ಕೆಪಾಸಿಟರ್‌ನ ಕಾಲು ಮುರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಸ್ಕ್ರೂ ಸಡಿಲ ಆಗುತ್ತದೆ. ಕೆಪಾಸಿಟರ್ ಬುಡಕ್ಕೆ ಅಂಟು ಹಾಕಿದರೆ, ಸ್ಕ್ರೂಗೆ ಲಾಕ್ ವಾಷರ್ ಕೊಟ್ಟರೆ ಅರ್ಧ ತೊಂದರೆ ಹೋಯಿತು.

ಈಗ ಕಾಗದದ ವಿಷಯ. ಇದರಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಾಗದ ಕೇಳುವವರನ್ನು ಬೈಯಬೇಡಿ. ನಾನೂ 31 ವರ್ಷ ಅದನ್ನೇ ಕೇಳಿದವಳು.

ಒಂದು ಲಾಟ್ ಬಂದಿತ್ತು. ಹಳೇ ಮಾದರಿಯ ಒಂದು ಐ.ಸಿ., ಮೂಲ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತ್ತು. ನಮ್ಮ ಸೆಟ್ ಇನ್ನೂ ಹದಿನೈದು ವರ್ಷ ನಡೆಯಬೇಕು, ಚಿಪ್ ಬೇಕೇ ಬೇಕು. ಒಬ್ಬ ವ್ಯಾಪಾರಿ ನನ್ನ ಹತ್ತಿರ ಇದೆ ಅಂದ. ಟ್ಯೂಬಿನಲ್ಲಿ ಸಾಲಾಗಿ ಹೊಸದಾಗಿ ಹೊಳೆಯುತ್ತಿದ್ದವು. ಮೀಟರ್ ಹಿಡಿದರೆ ಕೆಲಸವನ್ನೂ ಮಾಡಿದವು. ಆದರೆ ಮೂಲ ಕಂಪನಿಯಿಂದ ಇವನ ಕೈಗೆ ಹೇಗೆ ಬಂತು ಅನ್ನುವ ಕಾಗದ ಇರಲಿಲ್ಲ. ನಾನು ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಒಂದು ಚಿಪ್ಪಿನ ಬೆನ್ನಿನ ಮೇಲೆ ಉಜ್ಜಿದೆ. ಹತ್ತಿ ಕಪ್ಪಾಯಿತು. ಇನ್ನೂ ಉಜ್ಜಿದೆ. ಮೇಲಿನ ಅಕ್ಷರ ಹೋಗಿ, ಕೆಳಗೆ ಮರಳುಕಾಗದದಲ್ಲಿ ತಿಕ್ಕಿದ ಗೆರೆಗಳು ಕಂಡವು. ಗೆರೆಗಳ ನಡುವೆ ಬೇರೆ ಯಾವುದೋ ನಂಬರಿನ ಅರ್ಧ ಗುರುತು. ಯಾವುದೋ ಹಳೇ ಬೋರ್ಡ್‌ನಿಂದ ಕಿತ್ತು, ತಿಕ್ಕಿ, ಕಪ್ಪು ಬಳಿದು, ಹೊಸ ಹೆಸರು ಹಾಕಿದ್ದರು. ಆ ದಿನ ಮೇಲಿನವರೊಬ್ಬರು ಬಂದು, ಕೆಲಸ ಮಾಡುತ್ತಲ್ಲ, ಈ ತಿಂಗಳ ಟಾರ್ಗೆಟ್ ಮುಗಿಯಲಿ, ಬಿಡಿ ಅಂದರು. ನಾನು ಅಂಟಿಸಿದ್ದ ಕೆಂಪು ಚೀಟಿ ಕೀಳಲಿಲ್ಲ. ಮೂರು ವಾರ ಲೈನ್ ನಿಂತಿತು, ಬೈಗುಳ ನನಗೇ ಬಂತು. ಇವತ್ತು ಅದೇ ಲಾಟ್ ಬಂದರೂ ಅದೇ ಚೀಟಿ ಅಂಟಿಸುತ್ತೇನೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಸೆನೆಟ್ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ, ಎರಡೇ ವರ್ಷದ ಅವಧಿಯಲ್ಲಿ ಅವರ ರಕ್ಷಣಾ ಸಾಮಗ್ರಿಯ ಸರಬರಾಜಿನಲ್ಲಿ ಸುಮಾರು 1,800 ನಕಲಿ ಬಿಡಿಭಾಗದ ಪ್ರಕರಣ ಸಿಕ್ಕಿದವು. ಬಿಡಿಬಿಡಿಯಾಗಿ ಎಣಿಸಿದರೆ ಹತ್ತು ಲಕ್ಷ ದಾಟಿತ್ತು. ಚಿಪ್ ಎರಡು ಮೂರು ವರ್ಷಕ್ಕೆ ಹಳತಾಗುತ್ತದೆ, ಸೇನೆಯ ಸಾಮಾನು ಮೂವತ್ತು ವರ್ಷ ಬದುಕುತ್ತದೆ. ಈ ನಡುವಿನ ಅಂತರದಲ್ಲೇ ನಕಲಿ ವ್ಯಾಪಾರಿ ಅಂಗಡಿ ಇಡುವುದು.

ಆದ್ದರಿಂದ ಸಾರ್, ಇವತ್ತಿನಿಂದಲೇ ಒಂದು ರಿಜಿಸ್ಟರ್ ಇಡಿ. ಪ್ರತಿ ಲಾಟ್‌ಗೂ ಯಾವ ಕಂಪನಿಯದು, ಯಾವ ಅಧಿಕೃತ ಡೀಲರ್‌ನಿಂದ, ಬ್ಯಾಚ್ ನಂಬರ್ ಏನು, ಯಾವ ಚಾರ್ಜರ್‌ಗೆ ಹೋಯಿತು, ಅಷ್ಟೂ ಬರೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅರ್ಜೆಂಟಿಗೆ ತಂದ ಬಿಡಿಭಾಗವನ್ನು ಸೇನೆಯ ಆರ್ಡರ್‌ಗೆ ಬಳಸಬೇಡಿ. ಕಂಪನಿ ಒಂದು ಭಾಗವನ್ನು ನಿಲ್ಲಿಸುತ್ತೇವೆ ಅಂತ ಪತ್ರ ಕಳಿಸಿದರೆ, ಕೊನೆಯ ಖರೀದಿಯಲ್ಲಿ ಎಷ್ಟು ವರ್ಷಕ್ಕೆ ಬೇಕೋ ಅಷ್ಟು ಕೊಂಡಿಡಿ, ಅದರ ದುಡ್ಡನ್ನು ನಿಮ್ಮ ರೇಟಿನಲ್ಲಿ ಮೊದಲೇ ಸೇರಿಸಿ. ಕಡಿಮೆ ರೇಟು ಹಾಕಿ ಆರ್ಡರ್ ತಗೊಂಡು ಆಮೇಲೆ ಒದ್ದಾಡಿದ ಎಷ್ಟೋ ಸಣ್ಣ ಘಟಕಗಳನ್ನು ನೋಡಿದ್ದೇನೆ. ನಿಮ್ಮ ಹದಿನಾಲ್ಕು ಮನೆಗಳಿಗೆ ಹಾಗಾಗುವುದು ಬೇಡ.

ಪ್ರಶ್ನೆ: ಅಮೆರಿಕದ ವಾಯುಪಡೆ ಪ್ಲೇಸ್ಟೇಷನ್ ಅನ್ನುವ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡಿತ್ತು ಅಂತ ನಮ್ಮ ಸರ್ ಹೇಳಿದರು. ನಿಜವಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ನಿಜ ಕಣಮ್ಮಾ. 2010ರಲ್ಲಿ, 1,760 ಪ್ಲೇಸ್ಟೇಷನ್ 3 ಜೋಡಿಸಿದ್ದರು. ಕಾಂಡೋರ್ ಅಂತ ಹೆಸರು. ಅಷ್ಟೇ ಶಕ್ತಿಯ ಬೇರೆ ಯಂತ್ರಕ್ಕಿಂತ ತುಂಬಾ ಅಗ್ಗ. ಆದರೆ ನಿಮ್ಮ ಸರ್ ಇನ್ನರ್ಧ ಹೇಳಿದರೋ ಇಲ್ಲವೋ. ಅದೇ ವರ್ಷ ಏಪ್ರಿಲ್‌ನಲ್ಲಿ ಸೋನಿ ಕಂಪನಿ ಒಂದು ಅಪ್‌ಡೇಟ್ ಕಳಿಸಿ, ಅದರಲ್ಲಿ ಲಿನಕ್ಸ್ (ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕುವ ಸೌಲಭ್ಯವನ್ನೇ ತೆಗೆದುಹಾಕಿತು. ಲಿನಕ್ಸ್ ಇಲ್ಲದೆ ಅದು ಆಟದ ಪೆಟ್ಟಿಗೆ, ಅಷ್ಟೇ. ಕೈಯಲ್ಲಿದ್ದ ಯಂತ್ರಗಳಿಗೆ ಅಪ್‌ಡೇಟ್ ಹಾಕದೆ ನಡೆಸಬಹುದು. ಒಂದು ಕೆಟ್ಟರೆ ಅದರ ಜಾಗಕ್ಕೆ ಅಂಗಡಿಯಿಂದ ಹೊಸದು ತಂದು ಕೂರಿಸುವುದು ಹೇಗೆ? ಕಂಪನಿ ತನ್ನ ಗಿರಾಕಿಗಳನ್ನು ನೋಡಿ ತೀರ್ಮಾನ ಮಾಡಿತು. ಅವರಲ್ಲಿ ವಾಯುಪಡೆ ಬಲು ಸಣ್ಣ ಗಿರಾಕಿ. ನೀನು ಮುಂದೆ ಇಂಥ ಕೆಲಸಕ್ಕೆ ಹೋದರೆ, ಸಾಮಾನು ಆರಿಸುವ ದಿನವೇ ಕೇಳಬೇಕಾದ ಪ್ರಶ್ನೆ ಇದು: ಮಾಡಿದವರು ನಾಳೆ ಮನಸ್ಸು ಬದಲಾಯಿಸಿದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ನಮ್ಮ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಲು ಡ್ರೋನ್ ಬಾಡಿಗೆಗೆ ಬರುತ್ತದೆ. ಹತ್ತು ಲೀಟರ್ ಹೊತ್ತು ಹಾರುತ್ತದೆ. ಇದೇ ಡ್ರೋನ್ ಬೆಟ್ಟದ ಮೇಲಿನ ಸೈನಿಕರಿಗೆ ಊಟ, ಔಷಧಿ ಸಾಗಿಸಲು ಆಗುವುದಿಲ್ಲವೇ?
— ರೈತರು, ನಂದಿ ಹೋಬಳಿ

ಉತ್ತರ: ಆಗುತ್ತದೆ, ಸೇನೆ ಅಂಥವನ್ನು ಕೊಳ್ಳುತ್ತಲೂ ಇದೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಇಲ್ಲಿ ಹೊತ್ತಷ್ಟು ಭಾರ ಅಲ್ಲಿ ಹೊರುವುದಿಲ್ಲ, ಅದಕ್ಕೆ ರೆಕ್ಕೆ, ಮೋಟರ್ ಬದಲಾಯಿಸಬೇಕು. ಅದು ದೊಡ್ಡ ಕಷ್ಟವಲ್ಲ.

ಕಷ್ಟ ಇರುವುದು ಒಳಗೆ. ಡ್ರೋನ್‌ನ ಹೊಟ್ಟೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡ್ ಇರುತ್ತದೆ, ಫ್ಲೈಟ್ ಕಂಟ್ರೋಲರ್ ಅಂತ. ಎಲ್ಲಿಗೆ ಹೋಗಬೇಕು, ಎಲ್ಲಿದ್ದೇನೆ, ಯಾರ ಮಾತು ಕೇಳಬೇಕು, ಎಲ್ಲ ಅದಕ್ಕೆ ಗೊತ್ತು. ಅದನ್ನು ಮಾಡಿದವರು ಯಾರು, ಅದರೊಳಗಿನ ಪ್ರೋಗ್ರಾಂ ಬರೆದವರು ಯಾರು? ನಮ್ಮ ಸರ್ಕಾರ 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದನ್ನು ನಿಷೇಧಿಸಿತು. ರಕ್ಷಣೆ, ಸಂಶೋಧನೆಯಂಥ ಕೆಲಸಕ್ಕೆ ಅನುಮತಿ ಪಡೆದು ತರಬಹುದು. ಬಿಡಿಭಾಗ ತರಲು ಅಡ್ಡಿಯಿಲ್ಲ. ಹಾಗಾಗಿ ಹೊರಗೆ ನಮ್ಮ ಹೆಸರು, ಒಳಗೆ ಚೀನಾದ ಬೋರ್ಡ್ ಇರುವ ಡ್ರೋನ್‌ಗಳೂ ತಯಾರಾದವು. 2025ರ ಫೆಬ್ರವರಿಯಲ್ಲಿ ಸೇನೆಗೆ ಸಾಮಾನು ಸಾಗಿಸುವ 400 ಡ್ರೋನ್‌ಗಳ ಗುತ್ತಿಗೆ ಇದೇ ಕಾರಣಕ್ಕೆ ರದ್ದಾಯಿತು. ಸುಮಾರು 230 ಕೋಟಿ ರೂಪಾಯಿಯ ಆರ್ಡರ್. ನನಗೆ ಕೇಳಿದರೆ ಸರಿಯಾದ ತೀರ್ಮಾನ. ಯುಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಚೀನಾದ ಡಿಜೆಐ ಕಂಪನಿಯ ಫೋಟೋ ತೆಗೆಯುವ ಡ್ರೋನ್‌ಗಳನ್ನೇ ಬಳಸಿದರು. 2022ರ ಏಪ್ರಿಲ್‌ನಲ್ಲಿ ಕಂಪನಿ ಎರಡೂ ದೇಶಗಳಲ್ಲಿ ವ್ಯಾಪಾರ ನಿಲ್ಲಿಸಿತು. ಯುದ್ಧದ ನಡುವೆ ಅಂಗಡಿ ಬಾಗಿಲು ಹಾಕಿದರೆ ಯಾರನ್ನು ಕೇಳುವುದು?

ನಿಮ್ಮ ತೋಟಕ್ಕೆ ಬರುವ ಡ್ರೋನ್ ಬಗ್ಗೆ ಹೆದರಬೇಡಿ, ಔಷಧಿ ಹೊಡೆಯಲು ಅದು ಚೆನ್ನಾಗಿಯೇ ಇದೆ.

ಪ್ರಶ್ನೆ: ವೇಮಗಲ್‌ನಲ್ಲಿ ಬರುತ್ತಿರುವ ಹೆಲಿಕಾಪ್ಟರ್ ಯಾರು ಬೇಕಾದರೂ ಕೊಳ್ಳಬಹುದಾದದ್ದಂತೆ. ಅದನ್ನು ಸೇನೆಯೂ ಕೊಳ್ಳಬಹುದಾ?
— ಕೋಲಾರ

ಉತ್ತರ: ಕೊಳ್ಳಬಹುದು. ಟಾಟಾ ಮತ್ತು ಏರ್‌ಬಸ್ ಸೇರಿ ಅಲ್ಲಿ ಜೋಡಿಸುವುದು ಎಚ್125. ಇದೇ ಜಾತಿಯ ಹೆಲಿಕಾಪ್ಟರ್ 2005ರ ಮೇ 14ರಂದು ಎವರೆಸ್ಟ್ ತುದಿಯಲ್ಲಿ ಇಳಿದಿತ್ತು. ಅದಕ್ಕೆ ಎಚ್125ಎಂ ಅಂತ ಮಿಲಿಟರಿ ರೂಪವೂ ಇದೆ. ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಮಾಡಬೇಕಿರುವ ಮೂರು ಟನ್ನಿನ ಹೆಲಿಕಾಪ್ಟರ್ ಮೊದಲಿಂದಲೂ ಸೇನೆಗೆಂದೇ ಬರೆದ ನಕ್ಷೆಯದು. ಕೋಲಾರ, ತುಮಕೂರು ಎರಡೂ ಕಡೆಯ ಹುಡುಗರಿಗೆ ಕೆಲಸ ಸಿಗಲಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ನಾನು ವಸಂತನರಸಾಪುರದಲ್ಲಿ ಬೋರ್ಡ್‌ಗೆ ಬೆಸುಗೆ ಹಾಕುವ ಕೆಲಸ ಮಾಡುತ್ತೇನೆ. ಯಾವಾಗಲೂ ಸೀಸ ಇಲ್ಲದ ತಂತಿಯಲ್ಲೇ ಬೆಸುಗೆ. ಸೀಸ ವಿಷ ಅಂತ ಟ್ರೇನಿಂಗ್‌ನಲ್ಲೂ ಹೇಳಿದ್ದಾರೆ. ಈಗ ಮಿಲಿಟರಿಯ ಒಂದು ಆರ್ಡರ್ ಬಂದಿದೆ, ಅದಕ್ಕೆ ಸೀಸ ಇರುವುದೇ ಬೇಕಂತೆ. ನನಗೆ ಎರಡು ವರ್ಷದ ಮಗು ಇದೆ. ಭಯ ಆಗುತ್ತದೆ.
— ತುಮಕೂರು

ಉತ್ತರ: ನಿನ್ನ ಪತ್ರ ಓದಿ ಮೊದಲು ನಿನಗೇ ಬರೆಯಬೇಕು ಅನ್ನಿಸಿತು. ಕೊನೆಗೆ ಇಟ್ಟಿದ್ದು ನಿಧಾನವಾಗಿ ಹೇಳಬೇಕಾದ್ದರಿಂದ.

ಯುರೋಪಿನಲ್ಲಿ 2006ರ ಜುಲೈ 1ರಿಂದ ಅಂಗಡಿಗೆ ಬರುವ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸ ಇರಕೂಡದು ಅಂತ ಕಾನೂನು ಬಂತು. ಒಳ್ಳೇ ಕಾನೂನು, ಕಸದಲ್ಲಿ ಬಿದ್ದ ಸೀಸ ನೀರಿಗೆ ಸೇರುತ್ತದೆ. ಚಿಪ್ ಕಂಪನಿಗಳೆಲ್ಲ ಕಾಲುಗಳಿಗೆ ಬರೀ ತವರದ ಲೇಪ ಕೊಡತೊಡಗಿದವು. ಸೇನೆಯ ಸಾಮಾನಿಗೆ ಆ ಕಾನೂನಿನಿಂದ ವಿನಾಯಿತಿ ಇದೆ. ಕಾರಣ ಏನೆಂದರೆ, ಬರೀ ತವರಕ್ಕೆ ಕೂದಲು ಬೆಳೆಯುತ್ತದೆ.

ನಿಜವಾಗಿ ಬೆಳೆಯುತ್ತದಮ್ಮಾ. ಸ್ಟೋರಿನಲ್ಲಿ ಆರು ವರ್ಷ ಇದ್ದ ಒಂದು ಬೋರ್ಡನ್ನು ನಾನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದೇನೆ. ಬರಿಗಣ್ಣಿಗೆ ಏನೂ ಕಾಣದು. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಕಂಡಿತು, ಚಿಪ್ಪಿನ ಒಂದು ಕಾಲಿನಿಂದ ಹೊರಟ ಬೆಳ್ಳಗಿನ ಎಳೆ. ರೇಷ್ಮೆ ಎಳೆಗಿಂತ ಸಣ್ಣದು, ನೆಟ್ಟಗೆ ಹೋಗಿ ಪಕ್ಕದ ಕಾಲನ್ನು ಇನ್ನೇನು ಮುಟ್ಟುವುದರಲ್ಲಿತ್ತು. ಮುಟ್ಟಿದರೆ ಶಾರ್ಟ್. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಅನ್ನುವ ಉಪಗ್ರಹ ಕೆಟ್ಟು ಅಮೆರಿಕದಲ್ಲಿ ಕೋಟಿಗಟ್ಟಲೆ ಪೇಜರ್ ನಿಂತುಹೋದವು. ಅದಕ್ಕೂ ಇದೇ ತವರದ ಕೂದಲೇ ಕಾರಣ ಅಂತ ತಿಳಿಯಿತು. ಮೊಬೈಲನ್ನು ಮೂರು ವರ್ಷಕ್ಕೆ ಬದಲಾಯಿಸುತ್ತೇವೆ, ಕೂದಲು ಬೆಳೆಯುವಷ್ಟರಲ್ಲಿ ಅದು ಗುಜರಿಗೆ ಹೋಗಿರುತ್ತದೆ. ಸೇನೆಯ ಬೋರ್ಡ್ ಪೆಟ್ಟಿಗೆಯಲ್ಲಿ ಹತ್ತು ವರ್ಷ ಕೂತಿದ್ದು, ಹನ್ನೊಂದನೇ ವರ್ಷ ಒತ್ತಿದ ತಕ್ಷಣ ಕೆಲಸ ಮಾಡಬೇಕು. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಈ ಕೂದಲು ಮಟ್ಟಹಾಕಿದಂತೆ. ಅದಕ್ಕೇ ಕೇಳಿದ್ದಾರೆ.

ಈಗ ನಿನ್ನ ಭಯ. ಬೆಸುಗೆ ಹಾಕುವ ಬಿಸಿಗೆ ಸೀಸ ಹೊಗೆಯಾಗಿ ಮೇಲೆ ಬರುವುದು ತೀರಾ ಕಡಿಮೆ. ಮೂಗಿಗೆ ಬರುವ ಹೊಗೆ, ಬೆಸುಗೆ ಹಿಡಿಯಲೆಂದು ಹಾಕುವ ಫ್ಲಕ್ಸ್‌ನದು. ಅದೂ ಎದೆಗೆ ಒಳ್ಳೆಯದಲ್ಲ, ಆದ್ದರಿಂದ ಮೇಜಿನ ಮೇಲೆ ಹೊಗೆ ಎಳೆಯುವ ಫ್ಯಾನ್ ಇಲ್ಲದಿದ್ದರೆ ಸೂಪರ್‌ವೈಸರ್‌ನ ಕೇಳು. ಒಬ್ಬಳೇ ಕೇಳಬೇಡ, ಲೈನಿನಲ್ಲಿರುವ ನಾಲ್ಕೈದು ಜನ ಸೇರಿ ಹೋಗಿ ಕೇಳಿ. ಸೀಸ ಒಳಗೆ ಹೋಗುವುದು ಬೆರಳಿನಿಂದ ಬಾಯಿಗೆ. ತಂತಿಯನ್ನು ಹಲ್ಲಿನಲ್ಲಿ ಕಚ್ಚಬೇಡ, ನಮ್ಮಲ್ಲಿ ಹಳಬರು ಹಾಗೆ ಮಾಡುತ್ತಿದ್ದರು. ಮೇಜಿನ ಮೇಲೆ ಟೀ, ಬಿಸ್ಕತ್ತು ಇಡಬೇಡ. ಊಟಕ್ಕೆ ಮುಂಚೆ ಉಗುರಿನ ಸಂದಿಯವರೆಗೂ ಸೋಪು ಹಾಕಿ ತೊಳಿ, ಬರೀ ನೀರಿಗೆ ಹೋಗುವುದಿಲ್ಲ. ಕೆಲಸದ ಕೋಟನ್ನು ಅಲ್ಲೇ ಬಿಟ್ಟು ಬಾ, ಮಗುವಿನ ಬಟ್ಟೆ ಜೊತೆ ಒಗೆಯಬೇಡ. ಮತ್ತೆ ಬಸುರಿಯಾದರೆ, ಇಲ್ಲವೇ ಆಗಬೇಕು ಅಂದುಕೊಂಡಿದ್ದರೂ, ಆ ಲೈನಿನಿಂದ ಬೇರೆ ಲೈನಿಗೆ ಹಾಕಲು ಬರೆದುಕೊಡು. ಸೀಸದ ಬೆಸುಗೆ ಮಾಡುವವರಿಗೆ ರಕ್ತ ಪರೀಕ್ಷೆ ಮಾಡಿಸಿ ಅಂತಲೂ ಕೇಳಿ.

ಸಂಜೆ ಮನೆಗೆ ಹೋದಾಗ ಮಗು ಓಡಿ ಬರುತ್ತದೆ, ಗೊತ್ತು. ಒಂದು ನಿಮಿಷ ತಡೆದು, ಕೈ ಮುಖ ತೊಳೆದು, ಸೀರೆ ಬದಲಾಯಿಸಿ ಆಮೇಲೆ ಎತ್ತಿಕೋ.